ಮೂರನೆಯವರ ಹಸಿರು ಕಾರ್ಡು

ಗ್ರೀಸ್ ದೇಶದ ಉತ್ತರ ತುದಿಯಲ್ಲಿ ನಿಕಿ ಎಂಬ ಪುಟ್ಟ ಊರಿದೆ. ಊರು ದಾಟಿದರೆ ಗಡಿ. ಗಡಿಯಾಚೆ ಉತ್ತರ ಮ್ಯಾಸಿಡೋನಿಯಾ. ಸ್ವಲ್ಪ ದೂರ ಓಡಿಸಿದರೆ ಬಿಟೋಲಾ ಪಟ್ಟಣ. ಎರಡು ವರ್ಷಗಳ ಹಿಂದೆ ಥೆಸಲೊನಿಕಿಯಲ್ಲಿ ನಡೆದ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಅದು ಮುಗಿದ ಮೇಲೆ ಮೂರು ದಿನ ಉಳಿದಿತ್ತು. ಜರ್ಮನಿಯಲ್ಲಿ ಸಂಶೋಧನೆ ಮಾಡುತ್ತಿರುವ ಧಾರವಾಡದ ಕಡೆಯ ಗೆಳೆಯನೊಬ್ಬ ಜೊತೆಗಿದ್ದ. ಒಂದು ಬಾಡಿಗೆ ಕಾರು ಹಿಡಿದು ಬಿಟೋಲಾ, ಅಲ್ಲಿಂದ ಓಹ್ರಿಡ್ ಸರೋವರ ನೋಡಿ ಬರೋಣವೆಂದು ಹೊರಟೆವು. ಕಾರು ಕೊಟ್ಟವನನ್ನು ಗಡಿ ದಾಟಬಹುದೇ ಎಂದು ಕೇಳಿದ್ದೆವು. ಏನೂ ತೊಂದರೆಯಿಲ್ಲ ಎಂದಿದ್ದ.

ಗ್ರೀಸಿನ ಪೊಲೀಸ್ ಪಾಸ್‌ಪೋರ್ಟಿಗೆ ಮೊಹರು ಒತ್ತಿ ಕಳಿಸಿದ. ಆಚೆ ಕಡೆಯ ಅಧಿಕಾರಿ ಪಾಸ್‌ಪೋರ್ಟ್ ನೋಡಿದ, ಕಾರಿನ ನೋಂದಣಿ ಕಾಗದ ನೋಡಿದ, ಆಮೇಲೆ "ಗ್ರೀನ್ ಕಾರ್ಡ್?" ಎಂದ. ನಮ್ಮ ಕಡೆ ಗ್ರೀನ್ ಕಾರ್ಡ್ ಎಂದರೆ ಅಮೆರಿಕದಲ್ಲಿ ನೆಲೆ ನಿಂತ ಪಕ್ಕದ ಮನೆಯವರ ಮಗ. ಈ ಮನುಷ್ಯ ಅದನ್ನೇಕೆ ಕೇಳುತ್ತಿದ್ದಾನೆಂದು ಒಂದು ಕ್ಷಣ ಕಕ್ಕಾಬಿಕ್ಕಿಯಾದೆ. ಅವನು ಕೇಳಿದ್ದು ಕಾರಿನ ವಿಮೆ ತನ್ನ ದೇಶದಲ್ಲೂ ನಡೆಯುತ್ತದೆಂದು ತೋರಿಸುವ ಒಂದು ಹಾಳೆಯನ್ನು. ಅದು ನಮ್ಮ ಬಳಿ ಇರಲಿಲ್ಲ. ಗಡಿಯಲ್ಲೇ ವಿಮೆ ಮಾರುವ ಗೂಡಿನ ಕಡೆ ಕೈತೋರಿಸಿದ. ಅಷ್ಟರಲ್ಲಿ ಗೆಳೆಯ ಬಾಡಿಗೆ ಕರಾರಿನ ಹಿಂಬದಿಯ ಸಣ್ಣಕ್ಷರ ಓದುತ್ತಿದ್ದ. ಲಿಖಿತ ಒಪ್ಪಿಗೆ ಇಲ್ಲದೆ ಕಾರು ದೇಶ ಬಿಟ್ಟು ಹೊರಗೆ ಹೋದರೆ ಕಂಪನಿಯ ಹೊಣೆ ಅಲ್ಲಿಗೇ ಮುಗಿಯಿತು ಎಂದು ಅಲ್ಲಿ ಬರೆದಿತ್ತು. ಕಾರು ತಿರುಗಿಸಿದೆವು. ನನ್ನ ವೀಸಾ ಹಲವು ಸಲದ ಪ್ರವೇಶದ್ದಾಗಿದ್ದರಿಂದ ಬಚಾವಾದೆ, ಇಲ್ಲದಿದ್ದರೆ ಎರಡು ದೇಶಗಳ ನಡುವಿನ ಆ ಮುನ್ನೂರು ಗಜದಲ್ಲಿ ಸಂಸಾರ ಹೂಡಬೇಕಿತ್ತು.

ಮೋಟಾರು ಸಾರಿಗೆಯ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುವವನಿಗೇ ಹೀಗಾಯಿತಲ್ಲ ಎಂದು ಗೆಳೆಯ ಫ್ಲೋರಿನಾದ ಹೋಟೆಲಿನಲ್ಲಿ ಮಲಗುವ ತನಕ ಗೇಲಿ ಮಾಡಿದ. ನನ್ನ ಬಳಿ ವಿಮೆಯೇ ಇರಲಿಲ್ಲ ಎಂದಲ್ಲ. ಷೆಂಗೆನ್ ವೀಸಾ ಬೇಕಾದರೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸಿ ಚಿಕಿತ್ಸಾ ವಿಮೆ ಕಡ್ಡಾಯ. ಅದರ ಪ್ರತಿಯನ್ನು ಮೂರು ಕಡೆ ಇಟ್ಟುಕೊಂಡಿದ್ದೆ. ನಮ್ಮ ಆರ್‌ಟಿಓದಲ್ಲಿ ಮಾಡಿಸಿದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಇತ್ತು. ರಾತ್ರಿ ಆ ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ. ನನ್ನ ಕಾಲು ಮುರಿದರೆ ಅದು ಹಣ ಕೊಡುತ್ತದೆ, ನನ್ನ ಹೆಣವನ್ನು ಊರಿಗೆ ತಲುಪಿಸುತ್ತದೆ, ಸೂಟ್‌ಕೇಸು ಕಳೆದರೆ ಅದಕ್ಕೂ ಇಷ್ಟು ಎಂದು ಕೊಡುತ್ತದೆ. ನಾನು ಓಡಿಸುವ ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ಮಾತ್ರ ಏನೂ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. "ಆ ಕಡೆ ಕುರಿ ಕಾಯೋ ಮುದುಕ ಒಬ್ಬಾಂವ ಅಡ್ಡ ಬಂದಿದ್ರ ಏನ್ ಮಾಡ್ತಿದ್ದೆವೋ?" ಎಂದ ಗೆಳೆಯ. ಅವನು ಸುಮ್ಮನೆ ಕೇಳಿದ್ದು. ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಅಂಥ ಒಬ್ಬರಿದ್ದರು.

ನನ್ನ ಅಜ್ಜ ಅಂಕೋಲಾದ ಹತ್ತಿರ, ಹೆದ್ದಾರಿಗೆ ತಾಗಿದ ಊರಿನವರು. 1974ರಲ್ಲಿ ಒಂದು ಸಂಜೆ ಸಂತೆಯಿಂದ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಗ ಹಿಂದಿನಿಂದ ಬಂದ ವ್ಯಾನೊಂದು ಬಡಿಯಿತು. ಗೋವಾದಿಂದ ಗೋಕರ್ಣಕ್ಕೆ ಹೋಗುವ ಬಿಳಿಯರು ಆಗ ಆ ರಸ್ತೆಯಲ್ಲಿ ಹೊಸಬರೇನಲ್ಲ. ಜೊತೆಗಿದ್ದ ಚಿಕ್ಕಜ್ಜನಿಗೆ ಆಗ ಇಪ್ಪತ್ತು ವರ್ಷ. ವ್ಯಾನಿನಿಂದ ಒಬ್ಬ ಗಡ್ಡದವನೂ ಒಬ್ಬ ಹೆಂಗಸೂ ಇಳಿದರು, ಹೆಂಗಸು ಅಳುತ್ತಿದ್ದಳು, ತಮ್ಮದೇ ಬಟ್ಟೆ ಹರಿದು ಕಾಲಿಗೆ ಕಟ್ಟಿದರು, ಇವನ ಕೈಗೆ ಒಂದಷ್ಟು ನೋಟು ತುರುಕಿ ಏನೋ ಹೇಳಿ ಹೊರಟುಹೋದರು. ಎಣಿಸಿದರೆ ಇನ್ನೂರು ರೂಪಾಯಿ. ಅಜ್ಜನ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಕೂಡಿಕೊಂಡದ್ದು ಸೊಟ್ಟಗೆ. ಒಂದು ಗದ್ದೆ ಅಡವಿಗೆ ಹೋಯಿತು, ದೊಡ್ಡತ್ತೆಯ ಓದು ಏಳನೇ ಇಯತ್ತೆಗೆ ನಿಂತಿತು. ಅಜ್ಜ ಮತ್ತೆ ಮೂವತ್ತೈದು ವರ್ಷ ಬದುಕಿದರು, ಆದರೆ ಉಳುಮೆ ಮಾಡಲಿಲ್ಲ.

ವ್ಯಾನಿನ ನಂಬರು ಯಾರೂ ಬರೆದುಕೊಳ್ಳಲಿಲ್ಲ. ಚಿಕ್ಕಜ್ಜನ ನೆನಪಿನಲ್ಲಿ ಉಳಿದದ್ದು ಒಂದೇ: ಹಿಂದುಗಡೆ ಮೊಟ್ಟೆಯಾಕಾರದ ಬಿಳಿ ತಗಡು, ಅದರಲ್ಲಿ ಕಪ್ಪಗೆ ಒಂದೇ ಇಂಗ್ಲಿಷ್ ಅಕ್ಷರ, ಡಿ. ಅದನ್ನವನು ಡಾಕ್ಟರ್ ಎಂದು ಓದಿಕೊಂಡಿದ್ದ. "ಡಾಕ್ಟರಾಗಿಯೂ ಬಿಟ್ಟು ಹೋದ ನೋಡು" ಎಂಬುದು ನಾನು ಚಿಕ್ಕಂದಿನಿಂದ ಕೇಳಿದ ಮಾತು.

ಡಿ ಎಂದರೆ ಡಾಯ್ಚ್‌ಲ್ಯಾಂಡ್, ಜರ್ಮನಿ. ಆ ಮೊಟ್ಟೆ ತಗಡಿಗೆ ಒಂದು ಹುಟ್ಟಿದ ದಿನವೂ ಇದೆ: 11 ಅಕ್ಟೋಬರ್ 1909. ಅಂದು ಪ್ಯಾರಿಸ್ಸಿನಲ್ಲಿ ಹಲವು ಸರ್ಕಾರಗಳು ಸೇರಿ ಮೋಟಾರು ವಾಹನಗಳ ಅಂತರರಾಷ್ಟ್ರೀಯ ಸಂಚಾರದ ಮೊದಲ ಒಪ್ಪಂದಕ್ಕೆ ಸಹಿ ಹಾಕಿದವು. ಕಾರು ಆಗ ಶ್ರೀಮಂತರ ಆಟಿಕೆ, ಮತ್ತು ಅಪಾಯದ ಆಟಿಕೆ. 1896ರಲ್ಲೇ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬಳಿ ಬ್ರಿಜೆಟ್ ಡ್ರಿಸ್ಕಾಲ್ ಎಂಬಾಕೆ ಪ್ರದರ್ಶನಕ್ಕೆ ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಸತ್ತಿದ್ದಳು. 1903ರ ಪ್ಯಾರಿಸ್-ಮ್ಯಾಡ್ರಿಡ್ ಓಟದಲ್ಲಿ ಚಾಲಕರೂ ರಸ್ತೆ ಬದಿಯ ಜನರೂ ಸತ್ತು, ಓಟವನ್ನು ಬೋರ್ಡೋದಲ್ಲೇ ನಿಲ್ಲಿಸಬೇಕಾಗಿ ಬಂದಿತ್ತು. ಇಷ್ಟಾದರೂ 1909ರ ಒಪ್ಪಂದ ಓದಿದರೆ ಅದು ಯೋಚಿಸುವುದು ಪ್ರವಾಸಿಯ ಅನುಕೂಲವನ್ನೇ. ಗಡಿ ದಾಟಲು ಒಂದು ವರ್ಷ ನಡೆಯುವ ಸಂಚಾರ ಪತ್ರ ಕೊಟ್ಟಿತು. ರಸ್ತೆಯ ಉಬ್ಬುತಗ್ಗು, ತಿರುವು, ಕೂಡುರಸ್ತೆ, ರೈಲು ಗೇಟು ಎಂಬ ನಾಲ್ಕು ಅಪಾಯಗಳಿಗೆ ಎಲ್ಲ ದೇಶಗಳಲ್ಲೂ ಒಂದೇ ಗುರುತು ಹಾಕಿತು. ಕಾರಿನ ಹಿಂದೆ ದೇಶದ ಅಕ್ಷರ ಇರಬೇಕೆಂದಿತು. ಬ್ರಿಟಿಷ್ ಇಂಡಿಯಾಕ್ಕೆ ಮುಂದೆ ಬಂದದ್ದು ಬಿಐ. 1947ರ ನಂತರ ಐಎನ್‌ಡಿ.

ಆ ಅಕ್ಷರ ಗಾಡಿ ಎಲ್ಲಿಯದೆಂದು ಹೇಳುತ್ತದೆ. ಗಾಡಿ ಯಾರಿಗಾದರೂ ಬಡಿದರೆ ಹೊಣೆ ಯಾರದು ಎಂದು ಹೇಳುವುದಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ಕಾಗದವೂ ಓಡಾಡುತ್ತಿತ್ತು. ಕಾರನ್ನು ಬೇರೆ ದೇಶಕ್ಕೆ ಒಯ್ದು ಅಲ್ಲೇ ಮಾರಿಬಿಟ್ಟರೆ ಆಮದು ಸುಂಕ ಹೋಯಿತಲ್ಲ! ಆ ಹೆದರಿಕೆಗೆ ಯುರೋಪಿನ ಟೂರಿಂಗ್ ಕ್ಲಬ್ಬುಗಳು ಟ್ರಿಪ್ಟಿಕ್ ಎಂಬ ಮೂರು ಭಾಗದ ಚೀಟಿ ತಂದವು, ಆಮೇಲೆ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಕಾರ್ನೆ ಎಂಬ ಪುಸ್ತಕ. ಕಾರು ಮರಳದಿದ್ದರೆ ಸುಂಕವನ್ನು ಕ್ಲಬ್ಬು ಕಟ್ಟಿಕೊಡುತ್ತದೆ. ಇಂದಿಗೂ ಭಾರತದ ಕಾರನ್ನು ಇರಾನಿನ ಮೇಲೆ ಯುರೋಪಿಗೆ ಓಡಿಸಿಕೊಂಡು ಹೋಗುವವರು ಇದೇ ಪುಸ್ತಕ ಹಿಡಿಯಬೇಕು. ನನಗೆ ಇದರಲ್ಲಿ ಕಾಣುವುದು ಒಂದು ಕ್ರಮ. ಸರ್ಕಾರದ ಸುಂಕಕ್ಕೆ ಗಡಿಯಾಚೆಯ ಖಾತರಿ ಮೊದಲನೇ ಮಹಾಯುದ್ಧಕ್ಕೂ ಮುಂಚೆಯೇ ಸಿಕ್ಕಿತು. ರಸ್ತೆ ಬದಿಯವನ ಕಾಲಿಗೆ ಅಂಥ ಖಾತರಿ ಸಿಗಲು ಇನ್ನೂ ನಲವತ್ತು ವರ್ಷ ಬೇಕಾಯಿತು.

ವಿಮೆಯ ಭಾಷೆಯಲ್ಲಿ ಆ ರಸ್ತೆ ಬದಿಯವನ ಹೆಸರು ಥರ್ಡ್ ಪಾರ್ಟಿ. ವಿಮೆ ಮಾಡಿಸಿದವನು ಒಬ್ಬ, ಮಾಡಿಕೊಟ್ಟ ಕಂಪನಿ ಎರಡನೆಯದು, ಈ ಕರಾರಿನ ಸುದ್ದಿಯೇ ಇಲ್ಲದೆ ಸಂತೆಯಿಂದ ಮನೆಗೆ ನಡೆಯುತ್ತಿರುವವನು ಮೂರನೆಯವನು. ವಾಹನ ಇಟ್ಟುಕೊಳ್ಳುವವರೆಲ್ಲ ಅವನ ಹೆಸರಿನಲ್ಲಿ ವಿಮೆ ಮಾಡಿಸಲೇಬೇಕು ಎಂಬ ಕಾನೂನು ಸ್ವೀಡನ್ನಿಗೆ 1929ರಲ್ಲಿ ಬಂತು, ಬ್ರಿಟನ್ನಿಗೆ 1930ರ ರಸ್ತೆ ಸಂಚಾರ ಕಾಯ್ದೆಯಿಂದ. ಜರ್ಮನಿಗೆ 1939. ಫ್ರಾನ್ಸಿಗೆ 1958, ಇಟಲಿಗೆ 1969. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯ ಎಂಟನೇ ಅಧ್ಯಾಯ ಬ್ರಿಟಿಷ್ ಮಾದರಿಯಲ್ಲೇ ಇದನ್ನು ಬರೆದಿಟ್ಟಿತ್ತು; ಜಾರಿಗೆ ಬಂದದ್ದು 1 ಜುಲೈ 1946ರಂದು. ಫ್ರಾನ್ಸಿಗಿಂತ ನಾವು ಹನ್ನೆರಡು ವರ್ಷ ಮುಂದಿದ್ದೆವು. ಇದನ್ನು ಹೇಳಿದಾಗಲೆಲ್ಲ ಸೆಮಿನಾರುಗಳಲ್ಲಿ ಜನ ನಂಬುವುದಿಲ್ಲ.

ಮೇಲಿನ ಇಸವಿಗಳನ್ನು ಇನ್ನೊಮ್ಮೆ ನೋಡಿದರೆ ಎರಡನೇ ಮಹಾಯುದ್ಧದ ನಂತರದ ಯುರೋಪಿನ ತೊಡಕು ಅರ್ಥವಾಗುತ್ತದೆ. ಯುದ್ಧ ಮುಗಿದಿದೆ, ಜನ ಮತ್ತೆ ಕಾರು ತೆಗೆದು ಗಡಿ ದಾಟುತ್ತಿದ್ದಾರೆ. ವಿಮೆ ಕಡ್ಡಾಯವಿಲ್ಲದ ಇಟಲಿಯ ಕಾರು ಕಡ್ಡಾಯವಿರುವ ಸ್ವೀಡನ್ನಿಗೆ ಬಂತು, ಒಬ್ಬಳಿಗೆ ಬಡಿಯಿತು, ಮರುದಿನ ಹೊರಟುಹೋಯಿತು. ಆಕೆ ಯಾರನ್ನು ಹಿಡಿಯಬೇಕು? ರೋಮಿನಲ್ಲಿ ವಕೀಲನನ್ನು ಹುಡುಕಬೇಕೇ? ಯಾವ ದೇಶದ ಕಾನೂನು, ಯಾವ ಭಾಷೆಯ ಕೋರ್ಟು, ಯಾವ ಹಣ? ಇದಕ್ಕೆ ಹೆದರಿ ಪ್ರತಿ ಗಡಿಯಲ್ಲೂ ಬಂದವರಿಗೆಲ್ಲ ಹೊಸ ವಿಮೆ ಮಾರುತ್ತ ಕುಳಿತರೆ ಪ್ರವಾಸವೇ ನಿಂತುಹೋಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು. 25 ಜನವರಿ 1949ರಂದು ಜಿನೀವಾದಲ್ಲಿ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ರಸ್ತೆ ಸಾರಿಗೆ ಉಪಸಮಿತಿ ಐದನೇ ಶಿಫಾರಸು ಎಂಬುದನ್ನು ಒಪ್ಪಿತು. ಪ್ರತಿ ದೇಶದ ವಿಮಾ ಕಂಪನಿಗಳೂ ಸೇರಿ ಒಂದು ಬ್ಯೂರೋ ಮಾಡಿಕೊಳ್ಳಬೇಕು. ಆ ಬ್ಯೂರೋಗೆ ಎರಡು ಮುಖ. ತನ್ನ ದೇಶದ ಕಾರು ಹೊರಗೆ ಹೋಗುವಾಗ ಅದಕ್ಕೊಂದು ಹಸಿರು ಬಣ್ಣದ ಕಾರ್ಡು ಸಿಗುವಂತೆ ಮಾಡಿ, ಇದರಿಂದಾಗುವ ಹಾನಿಗೆ ನಾನು ಜಾಮೀನು ಎನ್ನುವುದು ಒಂದು. ಹೊರದೇಶದ ಕಾರು ತನ್ನ ನೆಲದಲ್ಲಿ ಯಾರಿಗಾದರೂ ಬಡಿದರೆ, ಆ ಕಾರು ತನ್ನ ಊರಿನದೇ ಎಂಬಂತೆ ದಾವೆ ಸ್ವೀಕರಿಸಿ, ತನ್ನ ದೇಶದ ಕಾನೂನಿನ ಪ್ರಕಾರ ಗಾಯಾಳುವಿಗೆ ಪರಿಹಾರ ಕೊಡಿಸುವುದು ಇನ್ನೊಂದು. ಕೊಟ್ಟ ಹಣವನ್ನು ಆಮೇಲೆ ಆ ಹೊರದೇಶದಿಂದ ವಸೂಲು ಮಾಡಿಕೊಳ್ಳುತ್ತದೆ. ಸ್ವೀಡನ್ನಿನ ಹೆಂಗಸು ರೋಮಿಗೆ ಹೋಗಬೇಕಿಲ್ಲ. ಗಡಿ ದಾಟಿ ಅಲೆಯುವ ಕೆಲಸವನ್ನು ಎರಡು ಕಚೇರಿಗಳು ತಮ್ಮ ಮೇಲೆ ಹಾಕಿಕೊಂಡವು. ಬ್ರಿಟನ್ನಿನಲ್ಲಿ ಇಂಥ ಕೆಲಸಕ್ಕೆ 1946ರಲ್ಲೇ ಒಂದು ಬ್ಯೂರೋ ಹುಟ್ಟಿತ್ತು. ಬ್ಯೂರೋಗಳ ನಡುವಿನ ಮಾದರಿ ಒಪ್ಪಂದವೂ ಲಂಡನ್ನಿನಲ್ಲೇ ತಯಾರಾಯಿತು. 1 ಜನವರಿ 1953ರಿಂದ ವ್ಯವಸ್ಥೆ ಚಾಲೂ ಆಯಿತು.

ನನಗೆ ಇದು ಆ ಕಾಲದ ದೊಡ್ಡ ದೊಡ್ಡ ಘೋಷಣೆಗಳಿಗಿಂತ ಹೆಚ್ಚು ಇಷ್ಟವಾಗುತ್ತದೆ. ಎಂಟು ವರ್ಷದ ಹಿಂದೆ ಒಬ್ಬರ ಮೇಲೊಬ್ಬರು ಬಾಂಬು ಹಾಕಿಕೊಂಡ ದೇಶಗಳ ಗುಮಾಸ್ತರು ಕುಳಿತು, ನಿನ್ನ ಕಾರಿನವನು ನನ್ನ ಊರಿನವಳ ಕಾಲು ಮುರಿದರೆ ಬಿಲ್ಲು ನಿನಗೆ ಕಳಿಸುತ್ತೇನೆ, ನೀನು ತಕರಾರಿಲ್ಲದೆ ಕಟ್ಟಬೇಕು ಎಂದು ಮಾತಾಡಿಕೊಂಡರು. ಕಟ್ಟಿದರು ಕೂಡ. ಆ ನಂಬಿಕೆ ಎಷ್ಟು ಬೆಳೆಯಿತೆಂದರೆ, ಯುರೋಪಿನ ಆರ್ಥಿಕ ಸಮುದಾಯ 1972ರ ನಿರ್ದೇಶನದಿಂದ ತನ್ನ ಒಳಗಿನ ಗಡಿಗಳಲ್ಲಿ ಕಾರ್ಡು ಕೇಳುವುದನ್ನೇ ನಿಲ್ಲಿಸಿತು. ನಂಬರ್ ಪ್ಲೇಟೇ ಸಾಕು. ಅದು ಯಾವ ದೇಶದ್ದೋ ಆ ದೇಶದ ಬ್ಯೂರೋ ಹೊಣೆ. 1909ರ ಅಕ್ಷರ ಕೊನೆಗೂ ಯಾರು ಹೊಣೆ ಎಂದು ಹೇಳಲು ಕಲಿತದ್ದು ಹೀಗೆ. ಈಗ ಆ ಅಕ್ಷರ ಮೊಟ್ಟೆ ತಗಡಿನಿಂದ ಇಳಿದು ಪ್ಲೇಟಿನ ಎಡತುದಿಯ ನೀಲಿ ಪಟ್ಟಿಯಲ್ಲಿ ಕುಳಿತಿದೆ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ 2021ರ ಜನವರಿಯಿಂದ ಆಗಸ್ಟಿನ ತನಕ ಅಲ್ಲಿನ ಚಾಲಕರು ಮತ್ತೆ ಕಾರ್ಡು ಹಿಡಿದು ಓಡಾಡಬೇಕಾಯಿತು. ಕಾರ್ಡು ಈಗ ಹಸಿರಾಗಿರಬೇಕೆಂದೂ ಇಲ್ಲ. 2020ರ ಜುಲೈಯಿಂದ ಬಿಳಿ ಹಾಳೆಯಲ್ಲಿ ಮುದ್ರಿಸಿಕೊಂಡರೂ ನಡೆಯುತ್ತದೆ, ಹೆಸರು ಮಾತ್ರ ಹಸಿರು. ಒಕ್ಕೂಟದ ಹೊರಗಿನ ಟರ್ಕಿ, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾಗಳಲ್ಲಿ ಅದನ್ನು ಕೇಳುತ್ತಾರೆ. ಕೊಸೊವೊ ಆ ವ್ಯವಸ್ಥೆಯಲ್ಲೇ ಇಲ್ಲ, ಅಲ್ಲಿ ಗಡಿಯಲ್ಲೇ ವಿಮೆ ಕೊಳ್ಳಬೇಕು. ಇವೆಲ್ಲ ನಿಕಿಯಿಂದ ತಿರುಗಿ ಬಂದ ಮೇಲೆ ಕಲಿತದ್ದು. ಬಾಡಿಗೆ ಕಾರಿನವರ ಬಾಯಿಮಾತು ನಂಬದೆ, ಯಾವ ಯಾವ ದೇಶಕ್ಕೆ ಒಪ್ಪಿಗೆ ಎಂದು ಬರೆಸಿಕೊಂಡು, ಕಾರ್ಡಿನಲ್ಲಿ ಆ ದೇಶದ ಅಕ್ಷರಗಳ ಮೇಲೆ ಅಡ್ಡಗೆರೆ ಬಿದ್ದಿಲ್ಲವೆಂದು ನೋಡಿಯೇ ಹೊರಡಬೇಕು. ಅಡ್ಡಗೆರೆ ಬಿದ್ದರೆ ಆ ದೇಶದಲ್ಲಿ ಕಾರ್ಡು ನಡೆಯದು.

1949 ಎಂಬ ಇಸವಿಗೆ ಮರಳುತ್ತೇನೆ. ಜನವರಿಯ ಶಿಫಾರಸು ಬಂದ ಅದೇ ಜಿನೀವಾದಲ್ಲಿ, ಅದೇ ವರ್ಷ ಸೆಪ್ಟೆಂಬರ್ 19ರಂದು, ರಸ್ತೆ ಸಂಚಾರದ ಹೊಸ ಒಪ್ಪಂದಕ್ಕೆ ಸಹಿಗಳು ಬಿದ್ದವು. ಒಂದು ದೇಶದ ಕಾರು, ಒಂದು ದೇಶದ ಚಾಲಕ ಇನ್ನೊಂದು ದೇಶದ ರಸ್ತೆಗೆ ಇಳಿಯಲು ಅನುಮತಿ ಕೊಡುವ ಒಪ್ಪಂದ. ನನ್ನ ಜೇಬಿನಲ್ಲಿದ್ದ ಬೂದು ಬಣ್ಣದ ಪುಸ್ತಕ, ಒಂದು ವರ್ಷದ ಚಾಲನಾ ಪರವಾನಗಿ, ಅದರ ಕೂಸು. ಸೆಪ್ಟೆಂಬರಿನ ಆ ಕಾಗದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಹೊಸದಾಗಿ ಸ್ವತಂತ್ರವಾದ ಭಾರತವೂ ಇತ್ತು. ಜನವರಿಯ ಕಾಗದ ಯುರೋಪಿನ ಆಯೋಗದ್ದು, ಅದರಲ್ಲಿ ಭಾರತಕ್ಕೆ ಜಾಗವಿರಲಿಲ್ಲ. ಬೇರೆಯವರ ರಸ್ತೆಗೆ ಇಳಿಯುವ ಹಕ್ಕು ಜಗತ್ತೆಲ್ಲ ಸುತ್ತಿತು. ಇಳಿದ ಮೇಲಿನ ಹೊಣೆ ಯುರೋಪಿನ ಬೇಲಿಯೊಳಗೆ ಉಳಿಯಿತು. ಬೇಕೆಂದೇ ಹೀಗೆ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಯಾರೂ ಆ ಕಡೆ ನೋಡಲಿಲ್ಲ, ಅಷ್ಟೇ.

ಹಾಗೆ ನೋಡದೇ ಇದ್ದ ವರ್ಷಗಳಲ್ಲೇ ಯುರೋಪಿನಿಂದ ಇತ್ತ ಗಾಡಿಗಳು ಹೊರಟವು. 1955ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಆರು ಹುಡುಗರು ಎರಡು ಲ್ಯಾಂಡ್‌ರೋವರುಗಳಲ್ಲಿ ಲಂಡನ್ ಬಿಟ್ಟು, ಭಾರತದ ಮೇಲೆ ಹಾದು, ಮಾರನೆಯ ಮಾರ್ಚಿನಲ್ಲಿ ಸಿಂಗಪುರ ಮುಟ್ಟಿದರು. 1957ರಲ್ಲಿ ಇಂಡಿಯಾಮ್ಯಾನ್ ಎಂಬ ಬಸ್ಸು ಲಂಡನ್ನಿನಿಂದ ಕಲ್ಕತ್ತಕ್ಕೆ ಬಂತು. ಒಂದು ಕಡೆಯ ದರ 85 ಪೌಂಡು. ಅರುವತ್ತರ ಕೊನೆಯಿಂದ 1979ರಲ್ಲಿ ಇರಾನ್, ಅಫ್ಘಾನಿಸ್ತಾನಗಳ ದಾರಿ ಮುಚ್ಚುವ ತನಕ ಫೋಕ್ಸ್‌ವ್ಯಾಗನ್ ವ್ಯಾನುಗಳ ಸಾಲೇ ಬಂತು. ಈ ಪಯಣಗಳ ಮೇಲೆ ಪುಸ್ತಕಗಳಿವೆ, ಚಿತ್ರಗಳಿವೆ, ನನಗೂ ಅವು ಇಷ್ಟ. ಅವುಗಳಲ್ಲಿ ಮುರಿದ ಆಕ್ಸಲ್ಲು, ಕೆಟ್ಟ ಹೊಟ್ಟೆ, ಖೈಬರ್ ಕಣಿವೆ ಎಲ್ಲ ಬರುತ್ತವೆ. ರಸ್ತೆ ಬದಿಯವನು ಬರುವುದು ಚಹಾ ಕೊಡಲು, ಅಥವಾ ಕೆಟ್ಟ ಗಾಡಿ ತಳ್ಳಲು.

ಅಜ್ಜನ ಕಾಲಕ್ಕೆ ಇಲ್ಲಿ ಕಾನೂನು ಇರಲಿಲ್ಲವೆಂದಲ್ಲ. ವಾಹನಕ್ಕೆ ವಿಮೆ ಕಡ್ಡಾಯವಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗಳಿಗೆ 1956ರ ತಿದ್ದುಪಡಿ ದಾರಿ ಮಾಡಿತ್ತು. ಆದರೆ ಅಲ್ಲಿಗೆ ಹೋಗಲು ಎದುರಾಳಿಯ ಹೆಸರು ಬೇಕು. ಇವರ ಬಳಿ ಇದ್ದದ್ದು ಒಂದು ಅಕ್ಷರ. ಬಡಿದು ಓಡಿದ ಗಾಡಿ ಸಿಗದಿದ್ದರೂ ಗಾಯಾಳುವಿಗೆ ಒಂದಿಷ್ಟು ಕೊಡುವ ಪರಿಹಾರ ನಿಧಿ ನಮ್ಮ ಕಾನೂನಿಗೆ ಸೇರಿದ್ದು 1982ರ ತಿದ್ದುಪಡಿಯಿಂದ, ಅಂದರೆ ಎಂಟು ವರ್ಷ ತಡವಾಗಿ. 2022ರಿಂದ ಅದು ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ. ಅದಕ್ಕೆ ಅರ್ಜಿ ಹಾಕಬಹುದೆಂದು ನಮ್ಮ ಊರಿನಲ್ಲಿ ಎಷ್ಟು ಜನರಿಗೆ ಗೊತ್ತು ಎಂಬುದು ಬೇರೆ ಮಾತು.

ಯುರೋಪಿನ ಮಾದರಿ ನೋಡಿ ಬೇರೆಯವರೂ ಬಣ್ಣ ಆರಿಸಿಕೊಂಡರು. ಅರಬ್ ದೇಶಗಳದು ಕಿತ್ತಳೆ ಕಾರ್ಡು, 1975ರ ಟ್ಯುನಿಸ್ ಒಪ್ಪಂದದ್ದು. ಪಶ್ಚಿಮ ಆಫ್ರಿಕದ್ದು ಕಂದು, 1982ರದು. ಪೂರ್ವ ಮತ್ತು ದಕ್ಷಿಣ ಆಫ್ರಿಕದ ದೇಶಗಳದು ಹಳದಿ. ದಕ್ಷಿಣ ಏಷ್ಯಾಕ್ಕೆ ಬಣ್ಣವಿಲ್ಲ. 2014ರ ಕಠ್ಮಂಡು ಸಾರ್ಕ್ ಸಮಾವೇಶದಲ್ಲಿ ಮೋಟಾರು ವಾಹನಗಳ ಒಪ್ಪಂದಕ್ಕೆ ಪಾಕಿಸ್ತಾನ ಸಹಿ ಹಾಕಲಿಲ್ಲ. ಮರುವರ್ಷ ಜೂನ್ 15ರಂದು ಥಿಂಪುವಿನಲ್ಲಿ ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳ ಸೇರಿ ಸಹಿ ಹಾಕಿದವು. ಭೂತಾನದ ಸಂಸತ್ತಿನ ಮೇಲ್ಮನೆ ಅದನ್ನು ಒಪ್ಪಲಿಲ್ಲ. ನಮ್ಮ 1988ರ ಕಾಯ್ದೆಯಲ್ಲಿ ರೆಸಿಪ್ರೊಕೇಟಿಂಗ್ ಕಂಟ್ರಿ ಎಂಬ ಮಾತಿಗೆ ವ್ಯಾಖ್ಯೆಯೇ ಇದೆ. ನೀನು ನನ್ನವನನ್ನು ನೋಡಿಕೊಂಡರೆ ನಾನು ನಿನ್ನವನನ್ನು ನೋಡಿಕೊಳ್ಳುತ್ತೇನೆ ಎನ್ನುವ ದೇಶ ಎಂದರ್ಥ.

ಈಗ ಗಾಡಿ ಹೋಗುವ ದಿಕ್ಕು ಬದಲಾಗಿದೆ. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಬೈಕು ಕಾರುಗಳಲ್ಲಿ ನೇಪಾಳ, ಭೂತಾನಕ್ಕೆ ಹೋಗುವವರು ಕಡಿಮೆಯೇನಿಲ್ಲ, ನನ್ನ ವಿಭಾಗದಲ್ಲೇ ಇಬ್ಬರಿದ್ದಾರೆ. ನಮ್ಮ ಸಾಮಾನ್ಯ ಮೋಟಾರು ಪಾಲಿಸಿ ಭಾರತದ ಗಡಿಗೆ ಮುಗಿಯುತ್ತದೆ. ಹೆಚ್ಚುವರಿ ಕಂತು ಕಟ್ಟಿ ಅದನ್ನು ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಗಳಿಗೆ ವಿಸ್ತರಿಸುವ ಅವಕಾಶ ಬಹಳ ಕಾಲದಿಂದ ಇದೆ. ಆ ಇಬ್ಬರನ್ನೂ ಕೇಳಿದೆ. ನೇಪಾಳದ ಗಡಿಯಲ್ಲಿ ಗಾಡಿಗೆ ಕಟ್ಟುವ ಭನ್ಸಾರ್ ಸುಂಕ ಎಷ್ಟೆಂದು ದಿನಲೆಕ್ಕದಲ್ಲಿ ಹೇಳಿದರು. ವಿಮೆಯ ವಿಸ್ತರಣೆಯ ಸುದ್ದಿ ಅವರು ಕೇಳಿರಲಿಲ್ಲ. ಪೊಖರಾದ ದಾರಿಯಲ್ಲಿ ಅವರ ಬೈಕಿನ ಮುಂದೆ ಸೈಕಲ್ ತಳ್ಳಿಕೊಂಡು ಹೋಗುವವನಿಗೆ ಕೆಎ ಎಂಬ ಎರಡಕ್ಷರ ಏನು ಹೇಳೀತು!

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಜ್ಜನ ಎದುರು ಇದನ್ನೆಲ್ಲ ಬಿಚ್ಚಿಟ್ಟೆ. ಡಿ ಎಂದರೆ ಡಾಕ್ಟರ್ ಅಲ್ಲ, ಜರ್ಮನಿ ಎಂದಾಗ ಅವನು ತುಸು ಹೊತ್ತು ಸುಮ್ಮನಿದ್ದ. ಐವತ್ತು ವರ್ಷ ಇಲ್ಲದ ಡಾಕ್ಟರನೊಬ್ಬನನ್ನು ಬೈದದ್ದು ಅವನಿಗೆ ಸರಿಬರಲಿಲ್ಲವೇನೋ.

"ಹಂಗಾರೆ ಆ ಗಾಡಿಗೆ ಇನ್ಶೂರೆನ್ಸ್ ಇತ್ತೇನೋ ತಮಾ?"

ಇದ್ದಿರಬೇಕು, ಜರ್ಮನಿಯಲ್ಲಿ 1939ರಿಂದ ಕಡ್ಡಾಯ, ಅದಿಲ್ಲದೆ ಅಲ್ಲಿ ಗಾಡಿ ರಸ್ತೆಗೇ ಬರುತ್ತಿರಲಿಲ್ಲ ಎಂದೆ. ಆದರೆ ಅದು ನಡೆಯುವುದು ಯುರೋಪು ಮುಗಿಯುವ ತನಕ, ಇಸ್ತಾಂಬುಲ್ ಆಸುಪಾಸಿನವರೆಗೆ ಎಂದಿಟ್ಟುಕೋ.

"ಅಲ್ಲಿಂದ ನಮ್ಮ ಗದ್ದೆ ಬದಿಗೆ ಎಷ್ಟು ದೂರಾಗ್ತದೆ?"

ಲೆಕ್ಕ ಹಾಕಿದೆ. ಇರಾನು, ಅಫ್ಘಾನಿಸ್ತಾನ, ಪಾಕಿಸ್ತಾನ, ಆಮೇಲೆ ದಿಲ್ಲಿಯಿಂದ ಕೆಳಗೆ. ಏಳೆಂಟು ಸಾವಿರ ಕಿಲೋಮೀಟರಾದರೂ ಆಗಬಹುದು ಎಂದೆ.

"ಅಷ್ಟು ದೂರ ಯಾರಿಗೂ ಬಡೀದೆ ಬಂದಿದ್ದ ಮಾರಾಯ" ಎಂದು ಚಿಕ್ಕಜ್ಜ ಎಲೆಗೆ ಸುಣ್ಣ ಹಚ್ಚತೊಡಗಿದ.